ಚುಕ್ಕಿರಾಯರ ಅರ್ಧ ಮೀಸೆ

ಚುಕ್ಕಿರಾಯರ ಮೀಸೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೂರಾ ಇಪ್ಪತ್ತನಾಲ್ಕು ಮಿಲಿಮೀಟರ್. ಎಡಕ್ಕೆ ಅರವತ್ತೆರಡು, ಬಲಕ್ಕೆ ಅರವತ್ತೆರಡು. ಇದು ಕಣ್ಣಂದಾಜಿನ ಮಾತಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ರಾಯರು ಕನ್ನಡಿಯ ಮುಂದೆ ನಿಂತು, ವರ್ಕ್‌ಶಾಪಿನಲ್ಲಿ ಬೋಲ್ಟು ಅಳೆಯುವ ವರ್ನಿಯರ್ ಕ್ಯಾಲಿಪರನ್ನು ತುಟಿಯ ಮೇಲಿಟ್ಟು ಅಳೆಯುತ್ತಾರೆ. ಎರಡು ಕಡೆಗೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಉಗುರಿನ ಕತ್ತರಿ ಹೊರಬರುತ್ತದೆ. ನಿಂಬೆಹಣ್ಣು ನಿಲ್ಲಿಸುವ ಮೀಸೆಗಳನ್ನು ಲೋಕ ಕಂಡಿದೆ, ಗಾಳಿಗೆ ಹಾರಿ ಪಕ್ಕದವರ ಕಣ್ಣು ಚುಚ್ಚುವ ಮೀಸೆಗಳನ್ನೂ ಕಂಡಿದೆ. ಆದರೆ ಶೇಕಡಾ ಒಂದರೊಳಗೆ ಸಮತೋಲ ಕಾಯ್ದುಕೊಂಡ ಮೀಸೆ ಭೂಮಂಡಲದಲ್ಲಿ ಇದೊಂದೇ ಎಂಬುದು ರಾಯರ ನಂಬಿಕೆ. ಅಲ್ಲ ಎನ್ನಲು ಇನ್ನೊಬ್ಬ ಮೀಸೆಯವನು ಕ್ಯಾಲಿಪರ್ ಹಿಡಿದು ಬರಬೇಕಲ್ಲ, ಯಾರೂ ಬಂದಿಲ್ಲ.

ಆ ಮೀಸೆಯ ಅರ್ಧಭಾಗ ಹೋದ ಕಥೆ ಇದು.

ರಾಯರು ಕೆಲಸ ಮಾಡುವ ಕಂಪನಿ ಪವರ್ ಸಪ್ಲೈ ವಿನ್ಯಾಸ ಮಾಡುವ ಸಾಫ್ಟ್‌ವೇರ್ ತಯಾರಿಸುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಬರುವ ಒರಟು ಕರೆಂಟನ್ನು ಪಳಗಿಸಿ, ಟಿವಿಗೆ ಇಷ್ಟು, ರೇಡಿಯೋಗೆ ಇಷ್ಟು ಎಂದು ಮೆತ್ತಗೆ ಬಡಿಸುವ ಪೆಟ್ಟಿಗೆಯೇ ಪವರ್ ಸಪ್ಲೈ. ಎಂಜಿನಿಯರು ‘ನನಗೆ ಇಷ್ಟು ವೋಲ್ಟ್ ಬೇಕು’ ಎಂದರೆ ಸಾಫ್ಟ್‌ವೇರ್ ಇಡೀ ನಕ್ಷೆ ಬಿಡಿಸಿ, ಯಾವ ಬಿಡಿಭಾಗ ಎಲ್ಲಿ ಕೂರಬೇಕು ಎಂದು ಹೇಳುತ್ತದೆ. ಹೇಳಬೇಕಾದರೆ ಅದಕ್ಕೆ ಪ್ರತಿ ಬಿಡಿಭಾಗದ ಗುಣಾವಗುಣ ಗೊತ್ತಿರಬೇಕು. ಆ ಜಾತಕಗಳ ಪಟ್ಟಿಗೆ ಆಫೀಸಿನಲ್ಲಿ ಲೈಬ್ರರಿ ಎನ್ನುತ್ತಾರೆ. ಅದರಲ್ಲಿ ಕೆಪಾಸಿಟರುಗಳ ಭಾಗಕ್ಕೆ ಇಪ್ಪತ್ತೆರಡು ವರ್ಷದಿಂದ ರಾಯರೇ ದೊರೆ. ಹನ್ನೊಂದು ಸಾವಿರದ ನಾನ್ನೂರ ಆರು ಕೆಪಾಸಿಟರುಗಳು. ಒಂದೊಂದನ್ನೂ ಕೈಯಾರೆ ಟೈಪ್ ಮಾಡಿದ್ದು. ಹೆಂಡತಿಯ ಕಡೆಯ ನೆಂಟರು ಮಾತ್ರ ಇವತ್ತಿಗೂ ‘ಲೈಬ್ರರಿ’ ಎಂಬ ಒಂದೇ ಪದ ಹಿಡಿದುಕೊಂಡು, ಮನೆಗೆ ಬಂದಾಗಲೆಲ್ಲ “ಒಳ್ಳೆ ಪತ್ತೇದಾರಿ ಕಾದಂಬರಿ ಇದ್ರೆ ತಂದುಕೊಡಿ ರಾಯರೇ” ಎನ್ನುತ್ತಾರೆ.

ಕೆಪಾಸಿಟರ್ ಎಂದರೆ ಕರೆಂಟಿನ ಕೊಡ. ನಲ್ಲಿ ತೊಟ್ಟಿಕ್ಕಿದರೂ ಧೋ ಎಂದು ಸುರಿದರೂ ಕೊಡದಲ್ಲಿ ತುಂಬಿಟ್ಟು ಒಂದೇ ಸಮನೆ ಬಗ್ಗಿಸುವುದು ಅದರ ಕೆಲಸ. ಆದರೆ ಕೊಡ ದೊಡ್ಡದಿದ್ದರೆ ಸಾಲದು, ಬಾಯಿಯೂ ಅಗಲವಿರಬೇಕು. ಕಿರಿದಾದರೆ ಒಳಗೆ ಹೋಗುವುದೂ ತ್ರಾಸ, ಹೊರಗೆ ಬರುವುದೂ ತ್ರಾಸ, ಆ ತಿಕ್ಕಾಟದಲ್ಲಿ ಕೊಡವೇ ಕಾದು ಕೆಂಡವಾಗುತ್ತದೆ. ಬಾಯಿಯ ಈ ಇಕ್ಕಟ್ಟನ್ನು ಮಿಲಿಓಮ್ ಎಂಬ ಅಳತೆಯಲ್ಲಿ ಬರೆಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ಕೊಡ ಉತ್ತಮ. ಇಷ್ಟು ತಿಳಿದರೆ ಈ ಪುರಾಣಕ್ಕೆ ಬೇಕಾದ ವಿದ್ಯೆ ಮುಗಿಯಿತು.

‘ಚುಕ್ಕಿರಾಯರು’ ಎಂಬುದು ಆಫೀಸು ಇಟ್ಟ ಹೆಸರು. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ, ಯಾರೋ 2.2 ಎನ್ನುವುದನ್ನು 22 ಎಂದು ಬರೆದುಬಿಟ್ಟರೆಂದು ರಾಯರು ಇಡೀ ಸಾಫ್ಟ್‌ವೇರಿನ ಬಿಡುಗಡೆಯನ್ನು ಮೂರು ದಿನ ತಡೆಹಿಡಿದು, ದಶಮಾಂಶದ ಚುಕ್ಕಿಯ ಮಹಿಮೆಯ ಬಗ್ಗೆ ಕ್ಯಾಂಟೀನಿನಲ್ಲಿ ಕುರ್ಚಿ ಹತ್ತಿ ಉಪನ್ಯಾಸ ಕೊಟ್ಟಿದ್ದರು. ಮರುದಿನದಿಂದಲೇ ಹೆಸರು ಅಂಟಿಕೊಂಡಿತು. ಮೊದಲ ಸಲ ಅದು ಕಿವಿಗೆ ಬಿದ್ದಾಗ ರಾಯರು ಬೆಚ್ಚಿಬಿದ್ದು, ಕೈಯಿಂದ ಮೀಸೆ ಮುಟ್ಟಿ ನೋಡಿಕೊಂಡರಂತೆ. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ.

ರಾಯರ ಕಾರ್ಯವಿಧಾನವೇ ಬೇರೆ. ತಯಾರಕರು ಕಳಿಸುವ ವಿವರಪಟ್ಟಿಯನ್ನು ಅವರು ಕಂಪ್ಯೂಟರ್ ಪರದೆಯ ಮೇಲೆ ಓದುವುದಿಲ್ಲ. “ಪರದೆ ಮೇಲೆ ಒಂದು ಧೂಳು ಕೂತ್ರೂ ಅದೇ ಚುಕ್ಕಿ ಆಗತ್ತೆ. ಕಾಗದ ಸುಳ್ಳು ಹೇಳಲ್ಲ” ಎನ್ನುವುದು ಅವರ ಸಿದ್ಧಾಂತ. ಆದ್ದರಿಂದ ಎಲ್ಲವನ್ನೂ ಅಚ್ಚು ಹಾಕಿಸಿ, ಮನೆಗೆ ಒಯ್ದು, ಭಾನುವಾರ ಓದಿ, ಸೋಮವಾರ ಟೈಪ್ ಮಾಡುತ್ತಾರೆ. ಭಾನುವಾರವೇ ಯಾಕೆಂದರೆ ಆವತ್ತು ಮೀಸೆಗೆ ಬಣ್ಣ. ಬಣ್ಣ ಹಚ್ಚಿದ ಮೇಲೆ ಇಪ್ಪತ್ತೈದು ನಿಮಿಷ ತುಟಿ ಅಲ್ಲಾಡಿಸುವಂತಿಲ್ಲ. ಅಲ್ಲಾಡಿಸಿದರೆ ಬಣ್ಣ ಬಾಯಿಗೆ. ಆ ಮೌನದ ಇಪ್ಪತ್ತೈದು ನಿಮಿಷ ರಾಯರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಅಂಕಿಗಳ ಧ್ಯಾನದಲ್ಲಿ ಮುಳುಗುತ್ತಾರೆ. ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. “ವಾರಕ್ಕೊಂದು ಸಲ ಈ ಮನೇಲಿ ನನ್ನ ಹೊಲಿಗೆ ಮಷೀನಿನ ಸದ್ದು ನನಗೇ ಕೇಳಿಸತ್ತೆ” ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ಹಿಗ್ಗುತ್ತಾಳೆ.

ಈಗ ಎದುರಾಳಿಯ ಪ್ರವೇಶ. ಹೆಂಡತಿಯ ತಂಗಿ, ಅಂದರೆ ರಾಯರ ನಾದಿನಿ, ಅದೇ ಕಂಪನಿಯ ಪರೀಕ್ಷಾ ಕೋಣೆಯಲ್ಲಿದ್ದಾಳೆ. ಸಾಫ್ಟ್‌ವೇರ್ ಹೇಳಿದ ನಕ್ಷೆಯನ್ನು ನಿಜವಾಗಿ ಬೆಸುಗೆ ಹಾಕಿ ಕಟ್ಟಿ, ಹೇಳಿದ್ದೆಲ್ಲ ನಿಜವೋ ಸುಳ್ಳೋ ಎಂದು ಮೀಟರಿಟ್ಟು ನೋಡುವುದು ಅವಳ ಕೆಲಸ. ಅವಳ ಕೋಣೆಯಿಂದ ಆಗಾಗ ಹೊಗೆ ಬರುವುದರಿಂದ ಅವಳು ಹೊಗೆಯಮ್ಮ. ಭಾವ ಬರೆದದ್ದನ್ನು ನಾದಿನಿ ಸುಟ್ಟು ನೋಡುತ್ತಾಳೆ; ಇಂಥ ಏರ್ಪಾಡು ಯಾವ ಮದುವೆ ಮಾತುಕತೆಯಲ್ಲೂ ಆಗಿರಲಿಕ್ಕಿಲ್ಲ.

ಆ ವರ್ಷ ರಾಯರಿಗೆ ಒಂದು ಕೆಪಾಸಿಟರಿನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ಕಿರುಬೆರಳಿನ ತುದಿಯಷ್ಟು ದೊಡ್ಡ, ನೀಲಿ ಅಂಗಿ ತೊಟ್ಟ ಸಾಧಾರಣ ಕೆಪಾಸಿಟರ್. ಅದರ ವಿವರಪಟ್ಟಿಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲೆಲ್ಲ 220, 150, 120 ಮಿಲಿಓಮ್ ಎಂದಿದ್ದರೆ ಇದರ ಸಾಲಿನಲ್ಲಿ ಮಾತ್ರ 18.0 ಎಂದಿತ್ತು. ರಾಯರು ಕುಣಿದಾಡಿದರು. ಇಕ್ಕಟ್ಟು ಕಡಿಮೆ ಎಂಬುದಕ್ಕಲ್ಲ, ಬರೆದ ರೀತಿಗೆ.

“ಹದಿನೆಂಟು ಅಂತ ಬರೆದು ಕೈತೊಳ್ಕೋಬಹುದಿತ್ತು. ಬರೆದಿದ್ದಾರಾ? ಇಲ್ಲ. ಹದಿನೆಂಟು ಪಾಯಿಂಟ್ ಸೊನ್ನೆ! ಸೊನ್ನೆ ಇದ್ರೂ ಅದನ್ನ ಅಳೆದು ಬರೆದಿದ್ದಾರೆ. ಇದು ನಿಷ್ಠೆ, ಇದು!” ಎಂದು ನಾಲ್ಕು ತಿಂಗಳು ಸಿಕ್ಕಸಿಕ್ಕವರಿಗೆ ಆ ಕಾಗದ ತೋರಿಸಿದರು. ಹೊಸಬರ ತರಬೇತಿಯಲ್ಲಿ ಅದನ್ನೇ ಪಾಠ ಮಾಡಿದರು.

ಸಾಫ್ಟ್‌ವೇರಿಗೂ ಅದು ಮೆಚ್ಚುಗೆಯಾಯಿತು. ಇಷ್ಟು ಚಿಕ್ಕ ಮೈ, ಇಷ್ಟು ಅಗಲ ಬಾಯಿ ಎಂದರೆ ಯಾರಿಗೆ ಬೇಡ? ಹೊಸ ಆವೃತ್ತಿಯಲ್ಲಿ ಯಾವ ನಕ್ಷೆ ಕೇಳಿದರೂ ಅದರಲ್ಲಿ ಆ ನೀಲಿ ಅಂಗಿಯವನೇ. ಹೊಗೆಯಮ್ಮ ಅದಕ್ಕೆ ‘ಮನೆ ಅಳಿಯ’ ಎಂದು ಹೆಸರಿಟ್ಟಳು. “ಏನು ಕೇಳಿದ್ರೂ ಇವನನ್ನೇ ಮುಂದೆ ಕೂರಿಸ್ತಿದೆ ಭಾವ. ಅಳಿಯಂದಿರು ಇಷ್ಟು ಒಳ್ಳೆಯವರಾಗಿರೋದು ನಾನು ಕಂಡಿಲ್ಲ. ನಮ್ಮ ಮನೆಗೆ ಬಂದಿರೋರನ್ನ ನೋಡಿದೀನಲ್ಲ.”

“ನಮ್ಮಲ್ಲಿ ಇಕ್ಕಟ್ಟು ಹೆಚ್ಚು ಕಣಮ್ಮಾ, ನಿಮ್ಮಕ್ಕ ಅದಕ್ಕೇ ಕಾದು ಕೆಂಡ ಆಗೋದು” ಎಂದರು ರಾಯರು, ಸೋಲದೆ.

ಹೊಸ ಆವೃತ್ತಿಯ ಬಿಡುಗಡೆಗೆ ಒಂದು ವಾರವಿದೆ ಎನ್ನುವಾಗ ಮ್ಯಾನೇಜರು ಸಭೆ ಕರೆದರು. ಏಳನೇ ವಿಷಯಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡರು.

“ರಾಯರೇ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಅಂಕಿಗಳನ್ನ ತಯಾರಕರ ಕಂಪ್ಯೂಟರಿನಿಂದ ನಮ್ಮ ಕಂಪ್ಯೂಟರಿಗೆ ನೇರವಾಗಿ ಇಳಿಸ್ಕೊಂಡ್ರೆ ಹೇಗೆ? ಮನುಷ್ಯ ಅಂದ್ಮೇಲೆ ಒಂದಲ್ಲ ಒಂದು ಕಡೆ...”

ವಾಕ್ಯ ಮುಗಿಯಲಿಲ್ಲ. ರಾಯರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. ಬಲಗೈ ಮೇಲೆದ್ದು ಮೀಸೆಯ ಬಲತುದಿಯನ್ನು ಹಿಡಿಯಿತು, ಎಡಗೈ ಎಡತುದಿಯನ್ನು.

“ನನ್ನ ಲೈಬ್ರರಿಯಲ್ಲಿ ನನ್ನ ಕೈಯಿಂದ ಒಂದೇ ಒಂದು ಚುಕ್ಕಿ ತಪ್ಪು ಬಿದ್ದಿದೆ ಅಂತ ತೋರಿಸಿ. ಅರ್ಧ ಮೀಸೆ ಬೋಳಿಸ್ಕೋತೀನಿ!”

ನೀರಿನ ಯಂತ್ರ ಗುಳುಕ್ ಎಂದಿತು. ಹೊಗೆಯಮ್ಮ ಪೆನ್ನು ಎತ್ತಿ ಕೇಳಿದಳು. “ಎಡ ಅರ್ಧವೋ, ಬಲ ಅರ್ಧವೋ ಭಾವ?”

“ನೀನೇ ಆರಿಸ್ಕೋ!” ಎಂದರು ರಾಯರು. ಗರ್ವ ಎಂಬುದು ಮನುಷ್ಯನ ನಾಲಿಗೆಯ ಮೇಲೆ ಜಾರುಬಂಡಿ ಆಡುವ ಹೊತ್ತು ಅದು. ಮ್ಯಾನೇಜರು ಅದನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು. ಏಳನೇ ವಿಷಯ, ನಿರ್ಣಯ: ಅರ್ಧ ಮೀಸೆ.

ಸಂಜೆ ಹೆಂಡತಿಗೆ ಹೇಳಿದಾಗ ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ನಿಧಾನವಾಗಿ ಅಂದಳು: “ರೀ, ರವಿಕೆ ಹೊಲಿಯುವಾಗ ಒಳಗಡೆ ಎರಡು ಬೆರಳು ಬಟ್ಟೆ ಬಿಡ್ತೀವಿ. ಯಾಕೆ ಗೊತ್ತಾ? ಮೈ ನಾವು ಅಳೆದಷ್ಟೇ ಇರಲ್ಲ ಅಂತ. ಮಾತಾಡುವಾಗ್ಲೂ ಎರಡು ಬೆರಳು ಬಿಡಬೇಕು.”

“ನನ್ನ ಅಳತೆಗೆ ಬಟ್ಟೆ ಬಿಡೋ ಅಗತ್ಯ ಇಲ್ಲ” ಎಂದರು ರಾಯರು.

“ಸರಿ ಹಾಗಾದ್ರೆ” ಎಂದು ಅವಳು ಪಿನ್ನುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.

ಬಿಡುಗಡೆಯ ಪ್ರದರ್ಶನಕ್ಕೆಂದು ಮ್ಯಾನೇಜರು ಒಂದು ತೂಕದ ಯಂತ್ರವನ್ನು ಆರಿಸಿದ್ದರು. ತೂಕದ ಯಂತ್ರಕ್ಕೆ ಕರೆಂಟು ಅಲುಗಾಡಬಾರದು; ಅಲುಗಾಡಿದರೆ ಅಂಕಿಯೂ ಅಲುಗಾಡುತ್ತದೆ. ಸಾಫ್ಟ್‌ವೇರ್ ಅದಕ್ಕೊಂದು ಪವರ್ ಸಪ್ಲೈ ನಕ್ಷೆ ಕೊಟ್ಟಿತು; ನಟ್ಟನಡುವೆ ಮನೆ ಅಳಿಯ ಒಬ್ಬನೇ. ಹೊಗೆಯಮ್ಮ ಕಟ್ಟಿ ತಂದಳು. ಗುರುವಾರ ಬೆಳಿಗ್ಗೆ ಎಲ್ಲರೂ ನೆರೆದರು. ಮ್ಯಾನೇಜರು ಚಪ್ಪಲಿ ಕಳಚಿ, ಉಸಿರು ಬಿಗಿಹಿಡಿದು, ಯಂತ್ರದ ಮೇಲೆ ಹತ್ತಿದರು.

ಎಪ್ಪತ್ತೆಂಟು ಎಂದಿತು ಯಂತ್ರ. ಆಮೇಲೆ ತೊಂಬತ್ತೊಂದು. ಆಮೇಲೆ ಅರವತ್ತಾರು.

“ಅಲ್ಲೇ ನಿಲ್ಲಿಸಿ! ಅದೇ ಸರಿ!” ಎಂದರು ಮ್ಯಾನೇಜರು.

ಯಂತ್ರ ನಿಲ್ಲಲಿಲ್ಲ. ನೂರಾ ನಾಲ್ಕು ಎಂದಿತು. ನಲವತ್ತೆರಡು ಎಂದಿತು. ಮನುಷ್ಯನ ಬಾಲ್ಯ, ಯೌವನ, ಮುಪ್ಪು ಎಲ್ಲ ಒಂದೇ ನಿಮಿಷದಲ್ಲಿ ಕಣ್ಣಮುಂದೆ ಹಾದುಹೋಯಿತು. ಅಷ್ಟರಲ್ಲಿ ಸಪ್ಲೈನ ನಡುವೆ ಕೂತಿದ್ದ ಮನೆ ಅಳಿಯ, ತಲೆಯ ಮೇಲಿನ ತಗಡು ಉಬ್ಬಿಸಿಕೊಂಡು, ಸುಯ್ ಎಂದು ಸಿಟ್ಟಿನ ಉಸಿರು ಬಿಟ್ಟು, ಟಪ್ ಎಂದು ಸಿಡಿದ. ಕೊಳೆತ ಮೀನಿನ ವಾಸನೆ ಕೋಣೆ ತುಂಬಿತು. ಮ್ಯಾನೇಜರು ಇಳಿಯುವ ಅವಸರದಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೊರನಡೆದರು.

“ನಿನ್ನ ಬೆಸುಗೆ ಸರಿಯಿಲ್ಲ” ಎಂದರು ರಾಯರು ತಕ್ಷಣ.

“ಬೆಸುಗೆ ನೋಡಿ, ಕನ್ನಡಿ ಥರ ಇದೆ.”

“ಮೀಟರ್ ಕೆಟ್ಟಿದೆ.”

“ಮೊನ್ನೆ ತಾನೆ ಪರೀಕ್ಷೆ ಮಾಡಿಸಿ ತಂದಿದ್ದು.”

“ಅದೊಂದು ಪೀಸು ಕೆಟ್ಟದ್ದು ಬಂದಿರಬೇಕು. ಸಾವಿರಕ್ಕೊಂದು ಬರತ್ತೆ.”

ಹೊಗೆಯಮ್ಮ ಡಬ್ಬಿಯಿಂದ ಇನ್ನೂ ಹತ್ತು ಮನೆ ಅಳಿಯಂದಿರನ್ನು ತೆಗೆದು, ಸಾಲಾಗಿ ಮಲಗಿಸಿ, ಒಬ್ಬೊಬ್ಬನ ಇಕ್ಕಟ್ಟನ್ನು ಅಳೆದಳು. ನೂರಾ ಎಪ್ಪತ್ತು. ನೂರಾ ಎಪ್ಪತ್ತಾರು. ನೂರಾ ಎಪ್ಪತ್ತಮೂರು. ಹತ್ತನೆಯವನವರೆಗೂ ಅದೇ ರಾಗ.

“ಹತ್ತಕ್ಕೆ ಹತ್ತೂ ಕೆಟ್ಟಿದ್ರೆ ಅವು ಕೆಟ್ಟಿಲ್ಲ ಭಾವ. ಬರೆದಿದ್ದು ಕೆಟ್ಟಿದೆ.”

ರಾಯರು ಬೀರುವಿನ ಬೀಗ ತೆಗೆದು ಆ ಪವಿತ್ರ ಕಾಗದವನ್ನು ತಂದು ಮೇಜಿನ ಮೇಲೆ ಬಡಿದರು. “ಓದು. ಹದಿನೆಂಟು ಪಾಯಿಂಟ್ ಸೊನ್ನೆ. ನಿಷ್ಠಾವಂತರು ಬರೆದದ್ದು.”

ಅವಳು ಓದಿದಳು. ಕಾಗದವನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಆಮೇಲೆ ಮೇಜಿನ ದೀಪವನ್ನು ಎಳೆದು, ಕಾಗದಕ್ಕೆ ಓರೆಯಾಗಿ ಬೆಳಕು ಬೀಳುವಂತೆ ಬಗ್ಗಿಸಿ, ಭೂತಗನ್ನಡಿ ಇಟ್ಟಳು.

“ಭಾವ, ಇಲ್ಲಿ ಬನ್ನಿ. ಅಚ್ಚಿನ ಚುಕ್ಕಿಗೆ ನೆರಳಿರತ್ತಾ?”

ರಾಯರು ಬಗ್ಗಿ ನೋಡಿದರು. ಪುಟದ ಸಾವಿರಾರು ಅಕ್ಷರಗಳು ಕಾಗದಕ್ಕೆ ಅಂಟಿಕೊಂಡು ಮಲಗಿದ್ದವು. ಹದಿನೆಂಟಕ್ಕೂ ಸೊನ್ನೆಗೂ ನಡುವಿನ ಆ ಚುಕ್ಕಿ ಮಾತ್ರ ಪುಟ್ಟ ಗುಡ್ಡದಂತೆ ಎದ್ದು ನಿಂತು, ಪಕ್ಕದ ಸೊನ್ನೆಯ ಮೇಲೆ ನೆರಳು ಚೆಲ್ಲಿತ್ತು. ಹೊಗೆಯಮ್ಮ ಸೂಜಿಯ ಮೊನೆಯಿಂದ ಮೀಟಿದಳು. ಗುಡ್ಡ ಚಟ್ ಎಂದು ಎದ್ದು ಬಂತು. ಕೆಳಗೆ ಕಂದುಬಣ್ಣದ ಮಸುಕು ಕಲೆ. ಈಗ ಅಲ್ಲಿ ಓದಬಹುದಾದದ್ದು ಒಂದೇ: 180.

ಸೂಜಿಯ ಮೊನೆಯಲ್ಲಿದ್ದ ಆ ಕರಿ ತುಣುಕಿನೊಳಗೆ ಒಂದು ಕೂದಲ ಚೂರು ಹುದುಗಿತ್ತು. ಮುಕ್ಕಾಲು ಕಪ್ಪು, ಬುಡದಲ್ಲಿ ಬಿಳಿ. ಇಬ್ಬರೂ ಅದನ್ನು ನೋಡಿದರು. ಆಮೇಲೆ ಹೊಗೆಯಮ್ಮ ಮೆಲ್ಲಗೆ ಕಣ್ಣೆತ್ತಿ ಭಾವನ ಮೂಗಿನ ಕೆಳಭಾಗವನ್ನು ನೋಡಿದಳು.

ರಾಯರನ್ನು ಕೆಡವಿದ್ದು ರಾಮಬಾಣವೂ ಅಲ್ಲ, ಸಿಡಿಲೂ ಅಲ್ಲ. ಸ್ವಂತ ಮೀಸೆಯಿಂದ ಉದುರಿದ ಒಂದು ಹನಿ ಬಣ್ಣ! ಆ ಹನಿಯ ನಿಷ್ಠೆಯನ್ನೇ ರಾಯರು ನಾಲ್ಕು ತಿಂಗಳು ಕೊಂಡಾಡಿದ್ದು. ಹೊಸಬರಿಗೆ ಪಾಠ ಮಾಡಿದ್ದು. ಅವರು ಕುರ್ಚಿಗೆ ಕುಸಿದರು.

“ಯಾರಿಗೂ ಗೊತ್ತಿಲ್ಲ ಅಲ್ವಾ?” ಧ್ವನಿ ಹತ್ತಿಯಂತಾಗಿತ್ತು.

“ನಾಳೆ ಹತ್ತು ಗಂಟೆವರೆಗೆ ನನ್ನ ಬಾಯಿಗೆ ಬೀಗ. ಅಷ್ಟರಲ್ಲಿ ನೀವೇ ಯೋಚನೆ ಮಾಡಿ. ಪಾಪ, ಅಕ್ಕನ ಗಂಡ ಅಂತ ಇಷ್ಟು.” ಹೇಳುತ್ತಲೇ ಅವಳು ಆ ಕರಿ ತುಣುಕನ್ನು ಕೆಪಾಸಿಟರ್ ಹಾಕಿಡುವ ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ‘ಚುಕ್ಕಿ, ಒಂದು’ ಎಂದು ಬರೆದಳು.

ಆ ಸಂಜೆ ರಾಯರು ಊಟದ ಮೇಜಿನ ಮುಂದೆ ಒಂದು ತಿದ್ದುಪಡಿ ಚೀಟಿ ಇಟ್ಟುಕೊಂಡು ಕೂತರು. ಲೈಬ್ರರಿಯಲ್ಲಿ ಯಾವ ಅಂಕಿ ಬದಲಿಸಬೇಕಾದರೂ ಈ ಚೀಟಿ ತುಂಬಲೇಬೇಕೆಂಬುದು ಅವರೇ ಮಾಡಿದ ಕಾನೂನು. ಹಿಂದಿನ ಅಂಕಿ: 18.0. ಸರಿಯಾದ ಅಂಕಿ: 180. ಮೂರನೆಯ ಖಾನೆ: ತಪ್ಪಿನ ಮೂಲ. ಇದುವರೆಗೆ ತುಂಬಿದ ಇಪ್ಪತ್ತೊಂಬತ್ತು ಚೀಟಿಗಳಲ್ಲೂ ಅಲ್ಲಿ ‘ತಯಾರಕರು’ ಎಂದೇ ಇತ್ತು. ಈಗಲೂ ಹಾಗೆಯೇ ಬರೆಯಬಹುದಿತ್ತು. ತ ಎಂದು ಬರೆದರು, ಹೊಡೆದುಹಾಕಿದರು. ‘ಹೊರಗಿನ ಕಸ’ ಎಂದು ಬರೆದರು. ಅದನ್ನು ನೋಡುತ್ತ ಅವರ ಕೈ ತಾನಾಗಿ ಮೀಸೆಗೆ ಹೋಯಿತು. ಇದು ಹೊರಗಿನದೇ? ಕಸವೇ?

ಹೆಂಡತಿ ಹಿಂದಿನಿಂದ ಬಂದು ಚೀಟಿ ಇಣುಕಿದಳು. ತಂಗಿಯ ಬಾಯಿಗೆ ಬೀಗ ಬಿದ್ದಿದ್ದು ಆಫೀಸಿಗೆ ಮಾತ್ರ; ಅಕ್ಕನ ಫೋನಿಗೆ ಬಿದ್ದಿರಲಿಲ್ಲ.

“ಹೊರಗಿನ ಕಸ ಅಂತೆ! ಭಾನುವಾರ ಭಾನುವಾರ ಆ ಕಸಕ್ಕೆ ಅರ್ಧ ಗಂಟೆ ಸೇವೆ ಮಾಡ್ತೀರಲ್ಲ, ಅದಕ್ಕೆ ಕೇಳಿಸಿದ್ರೆ ಎಷ್ಟು ಬೇಜಾರಾಗತ್ತೆ!”

“ತಮಾಷೆ ಬೇಡ ಕಣೇ. ಇದು ಹೋದ್ರೆ ನಾನು... ನಿನಗೆ ಗೊತ್ತಿಲ್ಲ.”

“ಏನು ಗೊತ್ತಿಲ್ಲ?”

ಬಣ್ಣ ಹಚ್ಚಿಲ್ಲದ ದಿನವೂ ಅವರು ಮೌನವಾಗಿ ಕೂತದ್ದನ್ನು ಹೆಂಡತಿ ಅದೇ ಮೊದಲು ಕಂಡಳು. ಕೆಣಕುವುದನ್ನು ಬಿಟ್ಟು ಹೇಳಿದಳು: “ನೋಡಿ, ಹೊಲಿಗೆ ತಪ್ಪಿದ್ರೆ ನಾನು ಗಿರಾಕಿ ಮೈಯೇ ಸೊಟ್ಟ ಅಂತ ಹೇಳಬಹುದು. ಒಂದು ಸಲ ಹೇಳಿದೆ. ಆಮೇಲೆ ಆ ರವಿಕೆ ಬಿಚ್ಚಿ ಹೊಲಿಯೋವರೆಗೂ ನನಗೆ ಅನ್ನ ರುಚಿಸ್ಲಿಲ್ಲ.”

ರಾಯರು ‘ಹೊರಗಿನ ಕಸ’ ಎಂಬುದನ್ನು ಹೊಡೆದುಹಾಕಿದರು. ಮುತ್ತಿನಂಥ ಅಕ್ಷರಗಳಲ್ಲಿ ಬರೆದರು: ಮೀಸೆಯ ಬಣ್ಣ. ಕೊನೆಗೆ ಒಂದು ಚುಕ್ಕಿ ಇಟ್ಟರು. ಅದಕ್ಕೆ ನೆರಳಿಲ್ಲವೆಂದು ದೀಪ ಬಗ್ಗಿಸಿ ಖಾತ್ರಿ ಮಾಡಿಕೊಂಡರು.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಚೀಟಿ ಮ್ಯಾನೇಜರ ಮೇಜಿನ ಮೇಲಿತ್ತು. ಹತ್ತೂಕಾಲಿಗೆ ಇಡೀ ಆಫೀಸು ಸಭಾಕೋಣೆಯಲ್ಲಿತ್ತು. ಹಾಜರಿ ಇಷ್ಟು ಚೆನ್ನಾಗಿ ಬಿದ್ದ ಸಭೆ ಆ ಕಂಪನಿಯ ಚರಿತ್ರೆಯಲ್ಲಿಲ್ಲ. ಹೊಗೆಯಮ್ಮ ಡಬ್ಬಿ ತೆರೆದು ಚುಕ್ಕಿಯನ್ನು ಪ್ರದರ್ಶನಕ್ಕಿಟ್ಟಳು. ಮ್ಯಾನೇಜರು ಏಳನೇ ವಿಷಯವನ್ನು ಗಟ್ಟಿಯಾಗಿ ಓದಿದರು. ತಮ್ಮ ತೂಕ ನೂರಾ ನಾಲ್ಕು ಎಂದು ಎಲ್ಲರ ಮುಂದೆ ಘೋಷಿತವಾದ ನೋವು ಅವರಲ್ಲಿ ಇನ್ನೂ ಹಸಿಯಾಗಿತ್ತು.

ರಾಯರು ತಮ್ಮ ವಾದವನ್ನು ತಾವೇ ಮಂಡಿಸಿದರು. “ಅರ್ಧ ಅಂದ್ರೆ ಪ್ರತಿ ಕೂದಲಿನ ಉದ್ದದಲ್ಲಿ ಅರ್ಧ. ಕತ್ತರಿಸ್ಕೋತೀನಿ.”

“ಬೋಳಿಸ್ಕೋತೀನಿ ಅಂದಿದ್ದು ನೀವು, ಕತ್ತರಿಸ್ಕೋತೀನಿ ಅಂತಲ್ಲ” ಎಂದಳು ಹೊಗೆಯಮ್ಮ.

“ಹಾಗಾದ್ರೆ ಶೇಕಡಾ ಇಪ್ಪತ್ತು ಹೆಚ್ಚುಕಡಿಮೆ ಅಂತ ಹಿಡೀರಿ. ಕೆಪಾಸಿಟರಿಗೇ ಅಷ್ಟು ವಿನಾಯಿತಿ ಇದೆ. ಐವತ್ತರಲ್ಲಿ ಕಳೆದು ನಲವತ್ತು ತೆಗೀತೀನಿ.”

“ಹೆಚ್ಚುಕಡಿಮೆ ಎಷ್ಟು ಅಂತ ಬರೆಯದೇ ಇದ್ರೆ ಅತಿ ಕೆಟ್ಟದ್ದನ್ನೇ ಹಿಡೀಬೇಕು ಅಂತ ತರಬೇತೀಲಿ ಹೇಳಿಕೊಟ್ಟೋರು ಯಾರು ಭಾವ? ಕೆಲವು ಅಗ್ಗದ ಕೆಪಾಸಿಟರಿಗೆ ಹೆಚ್ಚು ಎಂಬತ್ತು ಅಂತಲೂ ಇರತ್ತೆ. ಹಾಗೆ ಹಿಡಿದ್ರೆ ಐವತ್ತು ಹೋಗಿ ತೊಂಬತ್ತಾಗತ್ತೆ. ಬೇಕಾ?”

“ಬೇಡ, ಐವತ್ತೇ ಸರಿ” ಎಂದರು ರಾಯರು ಅವಸರದಲ್ಲಿ.

ಉಳಿದದ್ದು ಯಾವ ಅರ್ಧ ಎಂಬ ಪ್ರಶ್ನೆ. ಆರಿಸುವ ಹಕ್ಕು ಹೊಗೆಯಮ್ಮನದು, ಅವಳು ನ್ಯಾಯವಂತೆ. ತಪ್ಪು ಮಾಡಿದ ಅರ್ಧಕ್ಕೇ ಶಿಕ್ಷೆಯಾಗಬೇಕು, ನಿರಪರಾಧಿಗೆ ಆಗಬಾರದು ಎಂದಳು. ಮೇಜಿನ ಮೇಲೆ ಅದೇ ಕಾಗದವಿಟ್ಟು, ಭಾನುವಾರ ಕೂರುವಂತೆಯೇ ರಾಯರನ್ನು ಕೂರಿಸಿ, ಡ್ರಾಪರಿನಿಂದ ಮೀಸೆಯ ಎರಡೂ ತುದಿಗೆ ಸಮನಾಗಿ ನೀರು ಬಿಟ್ಟು, “ಈಗ ಓದಿ” ಎಂದಳು. ರಾಯರು ಓದತೊಡಗಿದರು. ಓದುವಾಗ ತಮ್ಮ ತಲೆ ಎಡಕ್ಕೆ ವಾಲುತ್ತದೆಂಬುದು ಐವತ್ತೊಂದು ವರ್ಷದಲ್ಲಿ ಅವರಿಗೇ ಗೊತ್ತಿರಲಿಲ್ಲ. ಎಡತುದಿಯಲ್ಲಿ ನೀರು ಕೂಡಿತು, ದಪ್ಪವಾಯಿತು, ತೂಗಾಡಿತು. ಇಡೀ ಆಫೀಸು ಉಸಿರು ಹಿಡಿಯಿತು. ಟಪ್. ಮನೆ ಅಳಿಯನ ಸಾಲಿನ ಮೇಲೆಯೇ ಬಿತ್ತು.

“ಎಡಮೀಸೆ ಅಪರಾಧಿ” ಎಂದರು ಮ್ಯಾನೇಜರು. “ಬಲಮೀಸೆಯನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ.”

ಕಟಿಂಗ್ ಶಾಪು ಆಫೀಸಿನ ಹಿಂದಿನ ಬೀದಿಯಲ್ಲಿತ್ತು. ರಾಯರ ಜೊತೆ, ತಂಗಿಯ ಫೋನಿಗೆ ಮನೆಯಿಂದ ಓಡಿಬಂದ ಹೆಂಡತಿ ಟೇಪು ಹಿಡಿದು, ನಾದಿನಿ ಡಬ್ಬಿ ಹಿಡಿದು ಬಂದರು. ಶಾಪಿನವನು ಇಪ್ಪತ್ತು ವರ್ಷದಿಂದ ರಾಯರ ತಲೆಗೂದಲು ಕತ್ತರಿಸುತ್ತಿದ್ದರೂ ಮೀಸೆಯನ್ನು ಮುಟ್ಟುವ ಭಾಗ್ಯ ಪಡೆದಿರಲಿಲ್ಲ.

“ಸಾರ್, ಮಧ್ಯ ಎಲ್ಲಿ ಅಂತ ತಗೊಳ್ಲಿ? ಮೂಗಿನ ನೇರಕ್ಕಾ?”

“ಮೂಗನ್ನ ನಂಬಬೇಡ. ಅರವತ್ತೆರಡು ಮಿಲಿಮೀಟರ್!” ರಾಯರು ಕ್ಯಾಲಿಪರ್ ಚಾಚಿದರು.

ಅವನು ಅಳತೆಯಿಟ್ಟು ಗೆರೆ ಎಳೆದು ನೋಡಿ ಹಲ್ಲು ಕಿರಿದ. “ಮೂಗು ಎರಡು ಮಿಲಿಮೀಟರ್ ಬಲಕ್ಕಿದೆ ಸಾರ್.”

“ನನ್ನ ಮದುವೆ ದಿನಾನೇ ಅನುಮಾನ ಬಂದಿತ್ತು” ಎಂದಳು ಹೆಂಡತಿ.

ನೊರೆ ಹಚ್ಚಿದ್ದಾಯಿತು. ರಾಯರು ಕಣ್ಣು ಮುಚ್ಚಿದರು. ಸರ್ ಸರ್ ಎಂದು ಕತ್ತಿ ಮೂರು ಸಲ ಸದ್ದು ಮಾಡಿತು. ಮೂವತ್ತೆರಡು ವರ್ಷದ ಸಾಮ್ರಾಜ್ಯದ ಎಡಪ್ರಾಂತ ಬಿಳಿ ನೊರೆಯೊಡನೆ ಕಾಗದದ ಚೂರಿನ ಮೇಲೆ ಬಂದು ಕೂತಿತು. ಶಾಪಿನವನು ಒದ್ದೆ ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ.

“ಏನೋ ಬಣ್ಣ ಅಂಟಿಕೊಂಡಿದೆ ಸಾರ್. ಹೋಗ್ತಿಲ್ಲ.”

ಹೆಂಡತಿ ಬಗ್ಗಿ ನೋಡಿದಳು. ತಂಗಿ ಬಗ್ಗಿ ನೋಡಿದಳು. ಮೇಲ್ದುಟಿಯ ಎಡಗಡೆ, ಮೂಗಿಗೂ ಬಾಯಿಯ ಕೊನೆಗೂ ನಡುವೆ, ಸಾಸಿವೆಯಷ್ಟು ದೊಡ್ಡ, ದುಂಡಗಿನ, ಕಪ್ಪು ಚುಕ್ಕಿ.

ಹೊಗೆಯಮ್ಮ ಕನ್ನಡಿಯ ಮೇಲಿನ ದೀಪ ಎಳೆದು ಓರೆಯಾಗಿ ಹಿಡಿದಳು. “ಭಾವ, ಅಲ್ಲಾಡ್ಬೇಡಿ.” ಒಂದು ಕ್ಷಣ ದಿಟ್ಟಿಸಿದಳು. “ನೆರಳಿಲ್ಲ. ಇದು ಅಚ್ಚಿನದೇ.”

“ಮಚ್ಚೆ!” ಎಂದಳು ಹೆಂಡತಿ. “ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ಇದು ಇರೋದು ನನಗೆ ಒಂದು ಮಾತೂ ಹೇಳಿಲ್ಲ ನೀವು!”

ರಾಯರು ಕಣ್ಣು ಬಿಡದೆಯೇ ಎಲ್ಲ ಒಪ್ಪಿಕೊಂಡರು. ಶಾಲೆಯಲ್ಲಿ ಎಲ್ಲರೂ ಅವರನ್ನು ‘ಚುಕ್ಕಿ’ ಎನ್ನುತ್ತಿದ್ದರು. ಕಾಲೇಜಿನಲ್ಲೂ ಅದೇ. ಹತ್ತೊಂಬತ್ತಕ್ಕೆ ಮೀಸೆ ದಟ್ಟವಾಗಿ ಬಂದಾಗ ಆ ಹೆಸರನ್ನು ಮೀಸೆಯಡಿಯಲ್ಲಿ ಹೂತು ನಿಟ್ಟುಸಿರು ಬಿಟ್ಟರು. ಹೊಸ ಕೆಲಸಕ್ಕೆ ಸೇರಿದರು. ಎರಡನೇ ತಿಂಗಳಲ್ಲೇ ಅಲ್ಲಿಯವರು, ಮೀಸೆಯಡಿ ಏನಿದೆ ಎಂಬುದರ ಗಂಧಗಾಳಿ ಇಲ್ಲದೆ, ಚುಕ್ಕಿರಾಯರು ಎಂದು ನಾಮಕರಣ ಮಾಡಿದರು.

ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಶಾಪಿನವನು ಕತ್ತಿ ಕೆಳಗಿಟ್ಟು, ಸುರಕ್ಷಿತವಾಗಿ ನಕ್ಕ. ರಾಯರು ಒಂದು ಕಣ್ಣು ತೆರೆದು ಕನ್ನಡಿ ನೋಡಿದರು. ಬಲಗಡೆ ಅರವತ್ತೆರಡು ಮಿಲಿಮೀಟರ್ ಗಾಂಭೀರ್ಯ; ಎಡಗಡೆ ಹತ್ತೊಂಬತ್ತು ವರ್ಷದ ತುಂಟ ಹುಡುಗ.

“ಬಲಗಡೆದೂ ತೆಗೆದುಬಿಡ್ಲಾ ಸಾರ್? ಸಮ ಆಗತ್ತೆ.”

“ಮುಟ್ಟಿದ್ರೆ ನೋಡು!” ಎಂದರು ರಾಯರು. “ಅರ್ಧ ಅಂತ ಬರೆದಿದೆ.”

“ಎಡಗಡೆ ಮತ್ತೆ ಬೆಳೆಸ್ಬೇಡಿ” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. “ಈ ಕಡೆಯಿಂದ ನೋಡಿದ್ರೆ ಚೆನ್ನಾಗಿದೀರಿ. ಮೊದಲೇ ತೋರಿಸಿದ್ರೆ ನಾಲ್ಕು ಜಗಳ ಕಡಿಮೆ ಆಗ್ತಿತ್ತು.”

“ನಾಲ್ಕಾ? ಅಳೆದು ಹೇಳ್ತಿದೀಯಾ?”

“ಎರಡು ಬೆರಳು ಬಿಟ್ಟು ಹೇಳ್ತಿದೀನಿ.”

ಮುಂದಿನ ಎರಡು ವಾರ ರಾಯರು ಭಾನುವಾರ ಓದಿದ್ದ ನಾನ್ನೂರ ಹನ್ನೆರಡು ಕಾಗದಗಳನ್ನೂ ಓರೆಬೆಳಕಿನಲ್ಲಿ ಹಿಡಿದು ತಡಕಿದರು. ಇನ್ನೊಂದೇ ಹನಿ ಸಿಕ್ಕಿತು. ಅದು ಒಬ್ಬ ತಯಾರಕನ ವಿಳಾಸದ ಮೇಲೆ ಬಿದ್ದು ಯಾರ ತಂಟೆಗೂ ಹೋಗದೆ ಒಣಗಿತ್ತು. ಮ್ಯಾನೇಜರು ಅಂಕಿಗಳನ್ನು ನೇರ ಇಳಿಸಿಕೊಳ್ಳುವ ಮಾತನ್ನು ಮತ್ತೆ ಎತ್ತಲಿಲ್ಲ, ಯಾಕೆಂದರೆ ಎತ್ತಿದರೆ ತೂಕದ ಯಂತ್ರದ ಮಾತೂ ಏಳುತ್ತಿತ್ತು.

ಆದರೆ ಅದೆಲ್ಲ ಆಮೇಲೆ. ಆವತ್ತು ಶಾಪಿನಿಂದ ಆಫೀಸಿಗೆ ಮರಳಿದಾಗ ಗೇಟಿನ ಕಾವಲುಗಾರ ರಾಯರನ್ನು ತಡೆದ. ಗುರುತಿನ ಚೀಟಿ ನೋಡಿದ, ಮುಖ ನೋಡಿದ.

“ಕಾರ್ಡಲ್ಲಿ ಇರೋರಿಗೆ ಪೂರ್ತಿ ಮೀಸೆ ಇದೆ ಸಾರ್.”

ರಾಯರು ಬಲಮುಖ ತಿರುಗಿಸಿದರು. ಕಾವಲುಗಾರ ಹೌದೆಂದು ತಲೆಯಾಡಿಸಿದ. ಎಡಮುಖ ತಿರುಗಿಸಿದರು. ಅವನು ಮತ್ತೆ ಕೋಲು ಅಡ್ಡ ಹಿಡಿದ. “ಗುರುತಿನ ಚಿಹ್ನೆ: ಮೀಸೆ ಅಂತ ಬರೆದಿದೆ ಸಾರ್ ಇಲ್ಲಿ. ಅರ್ಧ ಮನುಷ್ಯನನ್ನ ಒಳಗೆ ಬಿಡೋಕೆ ನನಗೆ ಅಧಿಕಾರ ಇಲ್ಲ.”

ನಿಯಮ ಎಂದರೆ ರಾಯರಿಗೆ ಗೌರವ. ಅಲ್ಲಿಯೇ ಕಾವಲುಗಾರನ ಮೇಜಿನ ಮುಂದೆ ಕೂತು, ಜೇಬಿನಿಂದ ಮೂವತ್ತೊಂದನೆಯ ತಿದ್ದುಪಡಿ ಚೀಟಿ ತೆಗೆದು ತುಂಬಿದರು. ಹಿಂದಿನದು: ಮೀಸೆ. ಸರಿಯಾದದ್ದು: ಮೇಲ್ದುಟಿಯ ಎಡಗಡೆ ಒಂದು ಕಪ್ಪು ಚುಕ್ಕಿ. ತಪ್ಪಿನ ಮೂಲ: ನಾನೇ.

ಕಾವಲುಗಾರ ಚೀಟಿಯನ್ನು ಎರಡು ಸಲ ಓದಿ, ಅನುಮಾನದಿಂದ ರಾಯರ ತುಟಿಯ ಹತ್ತಿರ ಬಗ್ಗಿದ. ಆಫೀಸಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

“ಇದು ನಿಜವಾದ ಚುಕ್ಕಿನೇ ತಾನೆ ಸಾರ್? ಒಂದು ಸಲ ಉಜ್ಜಿ ನೋಡ್ಲಾ?”

“ಉಜ್ಜು” ಎಂದರು ಚುಕ್ಕಿರಾಯರು, ಎಡಗೆನ್ನೆ ಮುಂದೆ ಚಾಚಿ. “ಗಟ್ಟಿಯಾಗಿ ಉಜ್ಜು.”